ಗುಂಡಿಯ ಪಕ್ಕದ ಮಂತ್ರಿ

ಶಾಲೆಯ ದಾರಿಯಲ್ಲಿ ಒಳಚರಂಡಿಯ ಗುಂಡಿಯೊಂದು ಬಾಯಿ ತೆರೆದುಕೊಂಡೇ ಇತ್ತು. ಕಳೆದ ಮಳೆಗಾಲದಲ್ಲಿ ಹಾಲು ಹಾಕುವವನು ಅದರೊಳಗೆ ಬಿದ್ದು ಸತ್ತ. ಮಂತ್ರಿಗಳು ಬಂದರು, ಕಣ್ಣೊರೆಸಿಕೊಂಡರು, ಫೋಟೊ ತೆಗೆಸಿಕೊಂಡರು. ಮುಚ್ಚಳವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬಂದುಹೋಯಿತು. ಅಂದಿನಿಂದ ಅಜ್ಜಿ ಮೊಮ್ಮಗಳ ರಟ್ಟೆ ಹಿಡಿದೇ ಶಾಲೆಗೆ ಬಿಡುತ್ತಿದ್ದಳು. ಈಗ ಮತ್ತೆ ಮೋಡ ಕಟ್ಟುತ್ತಿತ್ತು. ರಸ್ತೆಯ ಮೇಲೆ ನೀರು ನಿಂತರೆ ಗುಂಡಿ ಎಲ್ಲಿದೆಯೆಂದು ಅವಳಿಗೂ ಕಾಣುವುದಿಲ್ಲ.

ಅಜ್ಜಿ ನಗರಸಭೆಗೆ ಹೋದಳು. ಅಲ್ಲಿನ ಎಂಜಿನಿಯರ್ ಒಳ್ಳೆಯವನೇ. ಕುರ್ಚಿ ಎಳೆದು ಕೂರಿಸಿದ.

“ಮುಚ್ಚಳ ಹಾಕೋಣ ಅಜ್ಜಿ. ಆದ್ರೆ ಮೊದಲು ಸರ್ಕಲ್ಲಿನಲ್ಲಿರೋ ಮಂತ್ರಿಗಳ ಪ್ರತಿಮೆಗೆ ಸೂರು ಆಗ್ಬೇಕು, ಮೇಲಿಂದ ಹೇಳಿದಾರೆ. ತಲೆ ಮೇಲೆ ಕಾಗೆ ಕೂರುತ್ತಂತೆ.”

“ಕಾಗೆ ಕೂತ್ರೆ ಪ್ರತಿಮೆ ಸಾಯುತ್ತೇನಪ್ಪಾ?”

ಅಜ್ಜಿ ಸೆರಗು ಕೊಡವಿ ಎದ್ದಳು.

ಅವಳ ಗಂಡ ಬದುಕಿದ್ದಾಗ ಪ್ಲಾಸ್ಟರಿನ ಪ್ರತಿಮೆ ಮಾಡುತ್ತಿದ್ದ. ಇದೇ ಮಂತ್ರಿ ಹಿಂದೊಮ್ಮೆ ಚುನಾವಣೆಯಲ್ಲಿ ಮಣ್ಣು ಮುಕ್ಕಿದಾಗ ಯಾರೂ ಒಯ್ಯದೆ ಬಿಟ್ಟ ಅವರದೊಂದು ತಲೆ ಇನ್ನೂ ಹಿತ್ತಲ ಕೋಣೆಯಲ್ಲಿ ಧೂಳು ತಿನ್ನುತ್ತಿತ್ತು. ಮೂಗಿನ ತುದಿ ಮುಕ್ಕಾಗಿತ್ತು. ಅಜ್ಜಿ ಪ್ಲಾಸ್ಟರ್ ಕಲಸಿ ಹೊಸ ಮೂಗು ಕೂರಿಸಿದಳು, ಸ್ವಲ್ಪ ಉದಾರವಾಗಿಯೇ. ಬೆಳಗ್ಗೆ ತಳ್ಳುಗಾಡಿಯಲ್ಲಿ ಹೇರಿಕೊಂಡು ಹೋಗಿ, ಗುಂಡಿಯ ಅಂಚಿನಲ್ಲಿ ಕಲ್ಲಿನ ಮೇಲೆ ನಿಲ್ಲಿಸಿ, ಏನೂ ಅರಿಯದವಳಂತೆ ಮನೆಗೆ ಬಂದಳು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮೇಲಿನವರ ಕಿವಿಗೆ ಬಿತ್ತು. ಮಂತ್ರಿಗಳ ತಲೆ ಚರಂಡಿ ಪಾಲಾದರೆ ಗತಿಯೇನು! ಪೊಲೀಸರು ಬಿದ್ದಂಬೀಳ ಓಡಿಬಂದರು. ತಲೆಯನ್ನು ಎತ್ತಿಟ್ಟರೆ ಅವಮಾನ, ಬಿಟ್ಟರೆ ಅಪಾಯ. ಸಂಜೆಯೊಳಗೆ ಗುಂಡಿಗೆ ಕಬ್ಬಿಣದ ಮುಚ್ಚಳ ಬಿತ್ತು, ಸುತ್ತ ಕಟಕಟೆ ಎದ್ದಿತು, ಒಬ್ಬ ಕಾವಲುಗಾರನೂ ಬಂದು ನಿಂತ. ಮೊಮ್ಮಗಳು ಮೊದಲ ಸಲ ಅಜ್ಜಿಯ ಕೈ ಬಿಡಿಸಿಕೊಂಡು ಆ ದಾರಿಯಲ್ಲಿ ಓಡಿದಳು. ಅಜ್ಜಿಗೆ ನಗುವೂ ಬಂತು. ಹಾಲಿನವನ ನೆನಪಾಗಿ ಕಣ್ಣೂ ತುಂಬಿತು.

ಮರುದಿನ ಎಂಜಿನಿಯರ್ ಮನೆ ಬಾಗಿಲಿಗೇ ಬಂದ. ಈ ಮೂಗು ಯಾರ ಕೈಕೆಲಸವೆಂದು ಅವನಿಗೆ ತಿಳಿದುಹೋಗಿತ್ತು. ಬೈಯಲು ಬಂದನೆಂದು ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಅಜ್ಜಿ, ಅಂಥದ್ದು ಇನ್ನೊಂದು ತಲೆ ಇದ್ಯಾ? ನನ್ನ ಮಗಳ ಶಾಲೆ ಮುಂದೂ ಒಂದು ಗುಂಡಿ ಇದೆ. ಎರಡು ವರ್ಷದಿಂದ ನಾನೇ ಬರೀತಾ ಇದೀನಿ, ಯಾರೂ ಕೇಳ್ತಿಲ್ಲ.”

ರೇಗಿಸಬೇಕೆಂದು ಬಾಯಿ ತೆರೆದ ಅಜ್ಜಿ ಅವನ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

“ಇದ್ದಿದ್ದು ಅದೊಂದೇ. ಒಳಗೆ ಬಾಪ್ಪ,” ಎಂದಳು. “ಅಂಗಿ ತೋಳು ಮಡಚ್ಕೋ. ಪ್ಲಾಸ್ಟರ್ ಕಲಸೋದು ಹೇಳ್ಕೊಡ್ತೀನಿ.”