ಹೊರಗೆ ನಿಂತ ಅರ್ಧ ಗಂಟೆ

ಷೆಡ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ, ಅರ್ಧ ಕಣ್ಣು ಮುಚ್ಚಿದವರಿಗೂ ಕಾಣುವಷ್ಟು ದಪ್ಪಗೆ ಬರೆಸಲಾಗಿತ್ತು: ಗ್ಯಾಸ್ ಗಾಡಿಗಳು ಸಿಲಿಂಡರ್ ಬಂದ್ ಮಾಡಿ ಅರ್ಧ ಗಂಟೆ ಹೊರಗೆ ನಿಂತ ಮೇಲೆಯೇ ಒಳಗೆ ಪ್ರವೇಶ. ಬರೆಸಿದವನು ಷೆಡ್ಡಿನ ಯಜಮಾನ. ಡ್ರೈವರುಗಳ ಬಾಯಲ್ಲಿ ಅವನು ಗ್ಯಾಸ್ ಡಾಕ್ಟ್ರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಗೆ ಕಿವಿ ಕೊಟ್ಟು ಕಾಯಿಲೆ ಹೇಳಿಬಿಡುತ್ತಿದ್ದ. ಹೊಗಳಿದರೆ ‘ನಂದೇನಿದೆ ಬಿಡಿ’ ಎನ್ನುತ್ತಿದ್ದ, ಹೊಗಳದೆ ಹೋದರೆ ಮುಖ ಊದಿಸಿಕೊಳ್ಳುತ್ತಿದ್ದ.

ಆ ನಿಯಮ ಸುಮ್ಮನೆ ಬಂದದ್ದಲ್ಲ. ಹಿಂದೆ ಅವನು ಕೆಲಸಕ್ಕಿದ್ದ ಗ್ಯಾರೇಜಿನಲ್ಲಿ, ರಸ್ತೆಯಿಂದ ನೇರ ಒಳಗೆ ಬಂದ ಬಿಸಿ ಗಾಡಿಯೊಂದರ ಗ್ಯಾಸ್ ಸೋರಿ ಬೆಂಕಿ ಹತ್ತಿತ್ತು. ಎಡಗೈ ಮೇಲೆ ಅದರ ಗುರುತು ಇನ್ನೂ ಇದೆ. ಹಾಗಾಗಿ ಸ್ವಂತ ಷೆಡ್ಡು ಹಾಕಿದ ದಿನವೇ ಪೇಂಟರನ್ನು ಕರೆಸಿದ್ದ. ಮಂತ್ರಿ ಬಂದರೂ ಅರ್ಧ ಗಂಟೆ ಹೊರಗೇ ಎನ್ನುತ್ತಿದ್ದ. ಅವನ ಸ್ವಂತ ಭಾವ ಬಂದಾಗಲೂ ಅದೇ ಮಾತು.

ಭಾವ ಎಂದರೆ ಅಕ್ಕನ ಗಂಡ. ಆಸ್ಪತ್ರೆಗಳ ಹೊದಿಕೆ, ದಿಂಬಿನ ಚೀಲಗಳನ್ನು ಲಾಂಡ್ರಿಗೆ ಒಯ್ದು, ಒಗೆದು ಮಡಿಸಿದ್ದನ್ನು ವಾಪಸ್ ಮುಟ್ಟಿಸುವ ವ್ಯಾನು ಓಡಿಸುತ್ತಿದ್ದ. ಗ್ಯಾಸಿನಲ್ಲಷ್ಟೇ ಓಡುವ ವ್ಯಾನು ಅದು. ಗ್ಯಾಸ್ ಕೈಕೊಟ್ಟರೆ ಪೆಟ್ರೋಲಿನ ಆಸರೆ ಇಲ್ಲ. ಮಾತು ಕಡಿಮೆಯ ಮನುಷ್ಯ. ಅಮ್ಮ ತೀರಿಕೊಂಡ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಅವನ ಕೈಗೆ ಮೊದಲ ಸ್ಪ್ಯಾನರ್ ಕೊಟ್ಟವನು ಈ ಭಾವ. ತನ್ನ ಹಳೆಯ ಗಾಡಿಯ ಎಂಜಿನ್ನನ್ನೇ ತೋರಿಸಿ ‘ಬಿಚ್ಚಿ ಕಲಿ’ ಎಂದಿದ್ದ. ಬಿಚ್ಚಿದ್ದನ್ನು ಜೋಡಿಸಲು ಬಾರದೆ ತಮ್ಮ ಅಳುತ್ತ ಕೂತಾಗ ಬೈಯಲಿಲ್ಲ, ಮೂರು ದಿನ ಬಸ್ಸಿನಲ್ಲಿ ಓಡಾಡಿದ.

ಆ ಭಾವ ಒಂದೇ ತಿಂಗಳಲ್ಲಿ ಮೂರು ಸಲ ಷೆಡ್ಡಿಗೆ ಬಂದಿದ್ದ.

“ಓಡ್ತಾ ಓಡ್ತಾ ಪಕ್ಕಂತ ನಿಂತ್ಹೋಗುತ್ತೆ ಕಣೋ. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಹೊರಡುತ್ತೆ.”

ಮೂರು ಸಲವೂ ವ್ಯಾನು ಅರ್ಧ ಗಂಟೆ ಹೊರಗೆ ನಿಂತಿತು. ಇಬ್ಬರೂ ಚಹಾ ಕುಡಿದರು. ವ್ಯಾನು ಒಳಗೆ ಬಂದಿತು, ಡಾಕ್ಟ್ರು ಕಿವಿಯಿಟ್ಟು ಕೇಳಿದ, ಮೀಟರು ಹಚ್ಚಿದ, ಹತ್ತು ನಿಮಿಷ ಓಡಿಸಿ ನೋಡಿದ. ಎಂಜಿನ್ನು ಬೆಣ್ಣೆಯ ಹಾಗೆ ಓಡಿತು.

“ನಿಮ್ಮ ಗಾಡಿಗೆ ನನ್ನ ಕಂಡ್ರೆ ಭಯ ಭಾವ. ಷೆಡ್ಡು ಕಂಡ ಕೂಡ್ಲೇ ಒಳ್ಳೆ ಹುಡುಗನ ಥರ ಆಗ್ಬಿಡುತ್ತೆ,” ಎಂದು ನಕ್ಕ.

ಮೂರನೆಯ ಸಲ ಭಾವ ಒಂದು ಚೀಟಿ ತಂದಿದ್ದ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಒತ್ತೊತ್ತಾಗಿ ಬರೆದದ್ದು. “ಎಲ್ಲಾ ಬರ್ದಿದ್ದೀನಿ, ಒಂದ್ಸಲ ಓದು,” ಎಂದ.

“ನಾನು ಗಾಡಿ ಓದೋನು ಭಾವ. ಚೀಟಿ ಯಾಕೆ?” ಎಂದು ತಮ್ಮ ಅದನ್ನು ನಟ್ಟು ಬೋಲ್ಟಿನ ಡಬ್ಬದ ಕೆಳಗೆ ಸಿಕ್ಕಿಸಿದ. ಅಲ್ಲಿಗೂ ಸುಮ್ಮನಾಗಲಿಲ್ಲ. ಅಕ್ಕನಿಗೆ ಫೋನು ಮಾಡಿ, “ಗಾಡಿ ಗುಂಡುಕಲ್ಲಿನ ಹಾಗಿದೆ ಅಕ್ಕ. ಭಾವಂಗೇ ಕೆಲ್ಸಕ್ಕೆ ಹೋಗೋಕೆ ಬೇಜಾರು ಅನ್ಸುತ್ತೆ,” ಎಂದು ತಮಾಷೆ ಮಾಡಿದ. ತಮಾಷೆಗೇನು, ನಾಲಿಗೆಗೆ ಎಲುಬಿಲ್ಲ.

ಎಂಟು ದಿನಗಳ ನಂತರ, ಮಧ್ಯಾಹ್ನ ಮೂರು ಗಂಟೆಗೆ, ಸೇತುವೆಯ ಏರಿನ ತಿರುವಿನಲ್ಲಿ ಭಾವನ ವ್ಯಾನು ನಿಂತಿತು, ಅವನು ಕೆಳಗಿಳಿದ. ಹಿಂದಿನಿಂದ ಬಂದ ಲಾರಿ ಅವನನ್ನು ಹೊಡೆದುಕೊಂಡು ಹೋಯಿತು. ವ್ಯಾನಿಗೆ ಒಂದು ಗೀರು ಬಿದ್ದಿತ್ತು, ಅಷ್ಟೆ. ಹಿಂದೆ ಮಡಿಸಿಟ್ಟ ಬಿಳಿ ಹೊದಿಕೆಗಳು ಮಡಿಕೆ ಕೆಡದೆ ಹಾಗೇ ಇದ್ದವು. ಸಂಜೆ ಪೊಲೀಸರು ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗಾಡಿಯಲ್ಲಿ ದೋಷವಿಲ್ಲ ಎಂದು ಬರೆದುಕೊಂಡರು.

ಊರ ಬಾಯಿಗೆ ಬೀಗ ಹಾಕುವವರಾರು? ಚೆನ್ನಾಗಿ ಓಡುವ ಗಾಡಿಯನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಇಳಿಯುವವನು ಯಾಕೆ ಇಳಿಯುತ್ತಾನೆ ಎಂದು ಜನ ಒಬ್ಬರ ಕಿವಿಯಲ್ಲಿ ಒಬ್ಬರು ಕೇಳಿದರು. ಮನೆಯಲ್ಲಿ ಏನಿತ್ತೋ ಏನೋ ಎಂದು ಉತ್ತರವನ್ನೂ ಅವರೇ ಹೇಳಿಕೊಂಡರು.

ಅಕ್ಕ ಅಳಲಿಲ್ಲ. ಬಂದವರೆಲ್ಲ ಅತ್ತುಬಿಡು, ಅತ್ತುಬಿಡು ಎಂದರೂ ಗೋಡೆಗೆ ಒರಗಿ ಕೂತೇ ಇದ್ದಳು. ಇಪ್ಪತ್ತಮೂರನೆಯ ದಿನ ಷೆಡ್ಡಿಗೆ ಬಂದಳು. ಆ ದಿನವಷ್ಟೇ ಪೊಲೀಸರು ಬಿಟ್ಟುಕೊಟ್ಟಿದ್ದ ವ್ಯಾನನ್ನೂ ಯಾರಿಂದಲೋ ಓಡಿಸಿಕೊಂಡು ತಂದಿದ್ದಳು.

“ಇದನ್ನ ಇನ್ನೊಂದ್ಸಲ ನೋಡು.”

“ಮೂರು ಸಲ ನೋಡಿದ್ದೀನಲ್ಲಕ್ಕ.”

“ಆ ದಿನ ಬೆಳಿಗ್ಗೆ ಬಾಯಿಗೆ ಬಂದಂಗೆ ಬೈದೆ ಕಣೋ. ಗಾಡಿ ನಿಲ್ಲುತ್ತೆ, ನಾನಿವತ್ತು ಹೋಗಲ್ಲ ಅಂತ ಕೂತಿದ್ರು. ನೆಪ ಹೇಳ್ಬೇಡಿ, ನನ್ನ ತಮ್ಮ ನೋಡಿ ಏನೂ ಇಲ್ಲ ಅಂದಿದ್ದಾನೆ ಅಂದೆ. ಎಲ್ಲಾದ್ರೂ ಹಾಳಾಗಿ ಹೋಗಿ, ಮನೆಗೆ ಮಾತ್ರ ಬರ್ಬೇಡಿ ಅಂದೆ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಬರ್ಲೇ ಇಲ್ಲ. ಅವರು ಬೇಕು ಅಂತಲೇ ಇಳಿದ್ರಾ? ನಂಗೆ ಅದೊಂದು ಗೊತ್ತಾಗ್ಬೇಕು. ಇನ್ನೇನೂ ಕೇಳಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೆ ಆ ಮಾತನ್ನು ಅಕ್ಕನ ಬಾಯಿಗೆ ಹಾಕಿದವನು ತಾನು ಎಂಬುದು ಅವನಿಗೆ ಆಗ ತಿಳಿಯಿತು. ವ್ಯಾನಿನಲ್ಲಿ ದೋಷವಿಲ್ಲದಿದ್ದರೆ ಗಂಡನನ್ನು ತಾನೇ ಕೊಂದೆ ಎಂದು ಅಕ್ಕ ಬದುಕಿಡೀ ಅಂದುಕೊಳ್ಳುತ್ತಾಳೆ. ದೋಷವಿದ್ದರೆ ಕೊಂದವನು ಅವನು. ಅವನಿಗೆ ಹೆದರಿಕೆಯಾಯಿತು. ದೋಷ ಸಿಗದೇ ಇರಲಿ ಎಂದು ಮನಸ್ಸಿನ ಒಂದು ಮೂಲೆ ಬೇಡಿಕೊಂಡಿತು, ಆಮೇಲೆ ಅದಕ್ಕೂ ನಾಚಿಕೆಪಟ್ಟ.

ನಾಲ್ಕು ದಿನ ಬೇರೆ ಗಾಡಿ ಮುಟ್ಟಲಿಲ್ಲ. ಒಂದೊಂದು ವೈರು, ಒಂದೊಂದು ಪೈಪು ನೋಡಿದ. ಷೆಡ್ಡಿನ ಸುತ್ತ ಓಡಿಸಿ ತಂದ, ನಿಯಮದಂತೆ ಅರ್ಧ ಗಂಟೆ ಹೊರಗೆ ನಿಲ್ಲಿಸಿದ, ಒಳಗೆ ತಂದು ಮತ್ತೆ ನೋಡಿದ. ಏನೂ ಇಲ್ಲ. ಐದನೆಯ ದಿನ ಬೋಲ್ಟು ಹುಡುಕಲು ಡಬ್ಬ ಎತ್ತಿದಾಗ ಚೀಟಿ ಡಬ್ಬದ ತಳಕ್ಕೆ ಅಂಟಿಕೊಂಡು ಮೇಲೆ ಬಂದಿತು. ಎಣ್ಣೆ ಕುಡಿದು ಕಂದಾಗಿತ್ತು, ಪೆನ್ಸಿಲ್ ಅಕ್ಷರ ಮಾತ್ರ ಅಳಿಸಿರಲಿಲ್ಲ.

ಏಳು ಸಲ ನಿಂತದ್ದನ್ನು ಭಾವ ಬರೆದಿದ್ದ. ದಿನ, ಹೊತ್ತು, ಜಾಗ, ಅದಕ್ಕೆ ಮುಂಚೆ ಎಷ್ಟು ಹೊತ್ತು ಓಡಿತ್ತು ಎಂಬುದು. ಏಳೂ ಸಲ ಒಂದು ಗಂಟೆಗಿಂತ ಹೆಚ್ಚು ಓಡಿದ ಮೇಲೆ. ಏಳೂ ಸಲ ಉರಿಬಿಸಿಲಿನ ಮಧ್ಯಾಹ್ನ. ‘ಹತ್ತು ಹದಿನೈದು ನಿಮಿಷ ಬಿಟ್ಟರೆ ತಾನಾಗಿ ಸರಿ.’ ಕೆಳಗೆ ಸ್ವಲ್ಪ ಜಾಗ ಬಿಟ್ಟು ಇನ್ನೊಂದು ಸಾಲು: ‘ಹೊರಗೆ ನಿಲ್ಲಿಸಿದರೆ ಆರಿ ಸರಿಹೋಗುತ್ತಿದೆ ಅಂತ ನನ್ನ ಅನುಮಾನ. ಒಂದು ಸಲ ನೀನೇ ನನ್ನ ಜೊತೆ ರಸ್ತೆಗೆ ಬಂದು ನೋಡುತ್ತೀಯಾ?’

ಅವನು ಕೊನೆಯ ಸಾಲನ್ನು ಮತ್ತೊಮ್ಮೆ ಓದಿದ. ಎಂಜಿನ್ ಬಿಚ್ಚಿ ಕಲಿ ಎಂದವನು ಬರೆದು ಕೇಳಿದ್ದ. ಬಾಯಿಬಿಟ್ಟು ಕೇಳಲು ಸಂಕೋಚವಾಗಿರಬೇಕು. ಡಾಕ್ಟ್ರು ಎನಿಸಿಕೊಂಡವನಿಗೆ ಹೇಳಿಕೊಡುವುದು ಹೇಗೆ ಎಂದುಕೊಂಡಿರಬೇಕು.

ಆ ಮಧ್ಯಾಹ್ನ ವ್ಯಾನು ತೆಗೆದುಕೊಂಡು ಗೋದಾಮುಗಳ ಕಡೆಯ ರಸ್ತೆಗೆ ಹೋದ. ಒಂದು ಗಂಟೆ ಹತ್ತು ನಿಮಿಷ ಓಡಿತು. ಆಮೇಲೆ ಎಚ್ಚರಿಕೆ ಇಲ್ಲ, ಕೆಮ್ಮಿಲ್ಲ, ಎಂಜಿನ್ನು ನಿಂತುಹೋಯಿತು. ಹಿಂದಿನಿಂದ ಯಾರೋ ಹಾರ್ನ್ ಒತ್ತಿದರು. ಒಂದು ಕೈ ಸ್ಟೀರಿಂಗಿನ ಮೇಲಿಟ್ಟು, ಬಾಗಿಲ ಚೌಕಟ್ಟಿಗೆ ಹೆಗಲು ಕೊಟ್ಟು, ಗಾಡಿಯನ್ನು ಪಕ್ಕಕ್ಕೆ ನೂಕುತ್ತಿರುವಾಗ ತಾನು ಕೆಳಗಿಳಿದದ್ದು ಅವನ ಅರಿವಿಗೆ ಬಂದಿತು. ಯೋಚಿಸಿ ಇಳಿದಿರಲಿಲ್ಲ. ಗಾಡಿ ಓಡಿಸುವ ಯಾರಾದರೂ ಇಳಿಯುತ್ತಿದ್ದರು.

ಬಾನೆಟ್ ಎತ್ತಿದ. ಎಂಜಿನ್ನಿಗೆ ಗ್ಯಾಸ್ ಬಿಡುವ ವಾಲ್ವು ಕರೆಂಟು ಬಂದಾಗ ತೆರೆದುಕೊಳ್ಳುತ್ತದೆ. ತೆರೆಸುವುದು ಅದರ ಮೇಲಿನ ತಾಮ್ರದ ತಂತಿಯ ಸುರುಳಿ. ಟೆಸ್ಟ್ ಲ್ಯಾಂಪ್ ಉರಿಯಿತು, ಅಂದರೆ ಕರೆಂಟು ಬರುತ್ತಿತ್ತು. ವಾಲ್ವು ಮಾತ್ರ ಸತ್ತಂತಿತ್ತು. ಸುರುಳಿಯನ್ನು ಮುಟ್ಟಲಾಗಲಿಲ್ಲ, ಅಷ್ಟು ಬಿಸಿ. ಒದ್ದೆ ಬಟ್ಟೆ ಸುತ್ತಿ ಕಾದ. ಹನ್ನೊಂದು ನಿಮಿಷಕ್ಕೆ ‘ಟಕ್’ ಎಂದಿತು. ಒಳಗಿನ ತಂತಿ ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬಿಸಿಯೇರಿದಾಗ ಬಿಟ್ಟುಕೊಳ್ಳುತ್ತಿತ್ತು, ಆರಿದಾಗ ಕೂಡುತ್ತಿತ್ತು. ಅದನ್ನು ಮೂರು ಸಲವೂ ತನ್ನ ಬಾಗಿಲಲ್ಲೇ ಆರಿಸಿ, ಆಮೇಲೆ ಕಾಯಿಲೆ ಎಲ್ಲಿದೆ ಎಂದು ಹುಡುಕಿದ್ದ.

ಷೆಡ್ಡಿನ ಹೊರಗೇ ಆ ಸುರುಳಿ ಬಿಚ್ಚಿ ಬೇರೊಂದನ್ನು ಕೂಡಿಸಿ, ಅದೇ ವ್ಯಾನಿನಲ್ಲಿ ಅಕ್ಕನ ಮನೆಗೆ ಹೊರಟ. ದಾರಿಯುದ್ದಕ್ಕೂ ಮನಸ್ಸು ಒಂದು ಸುಲಭದ ಮಾತನ್ನು ಹೊಸೆಯುತ್ತಿತ್ತು. ಸುರುಳಿ ಆ ದಿನವಷ್ಟೇ ಕೆಟ್ಟಿತು ಎಂದರೆ ಸಾಕು. ಅಕ್ಕನ ಎದೆಯ ಭಾರ ಇಳಿಯುತ್ತದೆ, ಇವನ ಹೆಸರೂ ಉಳಿಯುತ್ತದೆ. ಚೀಟಿಯನ್ನು ಹರಿದು ಹಾಕಿದರೆ ಕೇಳುವವರಿಲ್ಲ.

ಅಕ್ಕ ಬಾಗಿಲು ತೆಗೆದಳು. ಅವನು ಸುರುಳಿಯನ್ನು ಅವಳ ಅಂಗೈಯಲ್ಲಿಟ್ಟ.

“ಭಾವ ಬೇಕು ಅಂತ ಇಳೀಲಿಲ್ಲ ಅಕ್ಕ. ಗಾಡಿ ನಿಂತಿತ್ತು. ನೂಕೋಕೆ ಇಳಿದ್ರು. ನಿನ್ನ ಮಾತಿಂದ ಅಲ್ಲ.”

ಅವಳು ಆ ತಾಮ್ರದ ತುಂಡನ್ನು ಬಹಳ ಹೊತ್ತು ನೋಡಿದಳು. “ಸುಳ್ಳು ಹೇಳಿರ್ಲಿಲ್ಲ ಅವರು,” ಎಂದಳು. ಆಮೇಲೆ ತಲೆಯೆತ್ತಿ, “ಮತ್ತೆ ನೀನು ನೋಡಿದಾಗ ಯಾಕೆ ಸಿಗ್ಲಿಲ್ಲ?”

ಹೊಸೆದಿಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವನು ಜೇಬಿನಿಂದ ಚೀಟಿ ತೆಗೆದುಕೊಟ್ಟ. “ಓದಿರ್ಲಿಲ್ಲ ಅಕ್ಕ,” ಎಂದ. “ಡಬ್ಬದ ಕೆಳಗೆ ಇಟ್ಟುಬಿಟ್ಟಿದ್ದೆ.”

ಅವಳು ನಿಂತಲ್ಲೇ ಓದಿದಳು. ಕೊನೆಯ ಸಾಲಿಗೆ ಬಂದಾಗ ಬೆರಳು ಅಲ್ಲೇ ನಿಂತಿತು. ಚೀಟಿಯನ್ನು ಭಾವ ಮುಟ್ಟಿಸುತ್ತಿದ್ದ ಹೊದಿಕೆಗಳ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ಅವನು ಒಳಗೆ ಕಾಲಿಡಲು ಹೋದ.

“ನೀನು ಸ್ವಲ್ಪ ಹೊತ್ತು ಹೊರಗೇ ಇರು,” ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. “ನಾನೇ ಕರೀತೀನಿ.”

ಬಾಗಿಲು ಮುಚ್ಚಿತು. ಇಪ್ಪತ್ತೆಂಟು ದಿನದಿಂದ ಬಾರದ ಅಳು ಒಳಗಿನಿಂದ ಕೇಳತೊಡಗಿತು. ಅವನು ಮೆಟ್ಟಿಲ ಪಕ್ಕದಲ್ಲಿ ನಿಂತ. ಎದುರಿನ ರಸ್ತೆಯಲ್ಲಿ ವ್ಯಾನಿನ ಬಾನೆಟ್ ಇನ್ನೂ ಬಿಸಿಯಾಗಿತ್ತು. ಅದು ಆರುವಷ್ಟು ಹೊತ್ತು ಕಳೆಯಿತು. ಅರ್ಧ ಗಂಟೆಯೂ ದಾಟಿತು. ಅಕ್ಕ ಇನ್ನೂ ಕರೆದಿರಲಿಲ್ಲ.