ನೆಂಟರಿಗೆಂದು ತೊಳೆದ ದಂಡೆ

ನದಿ ನೋಡಲು ಇಲಾಖೆಯ ಅಧಿಕಾರಿ ಬುಧವಾರ ಬರುತ್ತಾರೆಂದು ಸುದ್ದಿ ಬಂದಾಗ ಲಾಯರಮ್ಮ ಕುಣಿಯುವುದೊಂದು ಬಾಕಿ. ಅವಳು ಲಾಯರೂ ಅಲ್ಲ, ಗೀಯರೂ ಅಲ್ಲ. ಜೊಂಡು ನೆನೆಹಾಕಿ ಬುಟ್ಟಿ ಹೆಣೆಯುವವಳು. ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದಕ್ಕೆ ಕೇರಿಯವರು ಇಟ್ಟ ಹೆಸರು ಅದು.

ಸರ್ಕಾರವೆಂಬುದು ಹುಟ್ಟುವ ಮೊದಲೇ ಅವಳ ಜನ ಆ ದಂಡೆಯಲ್ಲಿದ್ದರು. ಮೇಲ್ಗಡೆ ಬಣ್ಣದ ಕಾರ್ಖಾನೆ ಬಂದ ಮೇಲೆ ನೀರು ಕಪ್ಪಾಯಿತು, ನೆನೆಹಾಕಿದ ಜೊಂಡು ಕೊಳೆತು ನಾರಿತು, ಮಕ್ಕಳ ಮೈಮೇಲೆ ಗುಳ್ಳೆ ಎದ್ದವು. ಅಧಿಕಾರಿ ಕಣ್ಣಾರೆ ಕಂಡು ಬರೆದರೆ ಕಾರ್ಖಾನೆಯ ಪೈಪು ಮುಚ್ಚುತ್ತದೆ. ಇಲ್ಲವಾದರೆ ಕೇರಿಯೇ ಗಂಟುಮೂಟೆ ಕಟ್ಟಬೇಕು. ಇದರಲ್ಲಿ ಮೂರನೇ ದಾರಿ ಇರಲಿಲ್ಲ.

ಮಂಗಳವಾರ ಮಧ್ಯಾಹ್ನವೇ ಅವಳು ಅಧಿಕಾರಿಯನ್ನು ಕರೆತರಲು ಪೇಟೆಗೆ ಹೋಗಿ, ಬುಧವಾರ ಮಧ್ಯಾಹ್ನಕ್ಕೆ ಅವರ ಜೀಪಿನಲ್ಲೇ ಮರಳಿದಳು. ದಂಡೆಗೆ ಇಳಿದು ನೋಡುತ್ತಾಳೆ: ಕಲ್ಲುಗಳು ಫಳಫಳ ಹೊಳೆಯುತ್ತಿದ್ದವು. ಒಂದು ಸತ್ತ ಮೀನಿಲ್ಲ, ಒಂದು ಹನಿ ಜಿಡ್ಡಿಲ್ಲ. ಕಾರ್ಖಾನೆಗೂ ಸುದ್ದಿ ಮುಟ್ಟಿದ್ದರಿಂದ ಅಂದು ಪೈಪಿಗೆ ರಜೆ. ನದಿ ಏನೂ ಅರಿಯದ ಮಗುವಿನ ಹಾಗೆ ತಿಳಿಯಾಗಿ ಹರಿಯುತ್ತಿತ್ತು.

ಒಗೆದ ಬಟ್ಟೆ ಉಟ್ಟ ಅವಳ ಅತ್ತೆ, ಕೇರಿಯ ಹೆಂಗಸರನ್ನೆಲ್ಲ ಹಿಂದಿಟ್ಟುಕೊಂಡು ನಗುತ್ತ ನಿಂತಿದ್ದರು.

"ಏನತ್ತೆ ಇದು?" ಲಾಯರಮ್ಮ ಕೇಳಿದಳು.

"ನಿನ್ನೆ ಸಂಜೆಯಿಂದ ಎಲ್ರೂ ಸೇರಿ ಉಜ್ಜಿದ್ವಿ ಕಣೆ. ದೊಡ್ಡೋರು ಬರ್ತಾರೆ ಅಂದ್ರೆ ಗಲೀಜು ತೋರಿಸೋಕಾಗತ್ತಾ? ನಮ್ಮ ಮರ್ಯಾದೆ ಏನಾಗ್ಬೇಕು?"

ತಪ್ಪು ಅವರದಲ್ಲ, ಅಭ್ಯಾಸದ್ದು. ಆ ಕೇರಿಯಲ್ಲಿ ಬಡತನ ಯಾರ ಕಣ್ಣಿಗೂ ಬೀಳಬಹುದು, ಕಸ ಮಾತ್ರ ನೆಂಟರ ಕಣ್ಣಿಗೆ ಬೀಳಕೂಡದು. ಲಾಯರಮ್ಮನಿಗೆ ಅತ್ತೆಯ ಮೇಲೆ ಕೆಂಡದಂಥ ಕೋಪ ಬಂತು. ಜೊತೆಗೇ ಅಯ್ಯೋ ಪಾಪ ಎಂದೂ ಅನಿಸಿತು.

ಅಧಿಕಾರಿ ಕೆಟ್ಟವರೇನಲ್ಲ. ಸೀಸೆಯಲ್ಲಿ ನೀರು ತುಂಬಿ ಬೆಳಕಿಗೆ ಹಿಡಿದು ನೋಡಿದರು. "ನೋಡಮ್ಮಾ, ಕಂಡಿದ್ದನ್ನ ತಾನೆ ನಾನು ಬರೀಬೇಕು? ಇಲ್ಲಿ ಏನೂ ಇಲ್ವಲ್ಲ," ಎಂದರು.

ಅತ್ತೆಯ ನಗು ಅಲ್ಲೇ ಇಂಗಿತು. ಆಗಷ್ಟೇ ಅವರಿಗೆ ಅರ್ಥವಾಗಿದ್ದು. ಸೊಸೆಯ ಮುಖ ನೋಡಿದರು, ನೆಲ ನೋಡಿದರು, ಕೊನೆಗೆ ಅಧಿಕಾರಿಯ ಎದುರು ಹೋಗಿ ನಿಂತರು. "ಬನ್ನಿ ಸಾಹೇಬ್ರೇ, ಒಂದ್ನಿಮಿಷ ಮನೆಗೆ."

ನಡುಮನೆ ದಾಟಿಸಿ ಹಿಂದಿನ ಕೋಣೆಯ ಬಾಗಿಲು ತೆಗೆದರು. ಆ ಬಾಗಿಲು ನೆಂಟರಿಗೆ ಎಂದೂ ತೆರೆದಿದ್ದಿಲ್ಲ. ಒಳಗೆ ಬಕೆಟ್ಟು, ಡಬ್ಬ, ಹಳೇ ಬುಟ್ಟಿಗಳ ತುಂಬ ದಂಡೆಯಿಂದ ಬಾಚಿ ತಂದ ಕಪ್ಪು ಕೆಸರು, ಕೊಳೆತ ಮೀನು, ಜಿಡ್ಡು ಹಿಡಿದ ಜೊಂಡು. ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅತ್ತೆ ನಾಚಿಕೆಯಿಂದ ಕುಗ್ಗಿಹೋದರು. ಅವರನ್ನು ನೋಡಿ ಕೇರಿಯ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಹೋಗಿ ತಮ್ಮ ತಮ್ಮ ಹಿಂಬಾಗಿಲು ತೆರೆದರು.

ಅಧಿಕಾರಿ ಬಗ್ಗಿ ಒಂದೊಂದೇ ಬಕೆಟ್ಟು ನೋಡಿದರು. "ನಂಬ್ತೀನಿ ತಾಯಿ," ಎಂದರು ಕೊನೆಗೆ. "ಆದ್ರೆ ಬಕೆಟ್ಟಲ್ಲಿರೋದು ಲೆಕ್ಕಕ್ಕೆ ಬರಲ್ಲ. ಹೊಳೆಯಲ್ಲೇ ಕಾಣಿಸ್ಬೇಕು. ಇನ್ನೊಂದ್ಸಲ ದಿನ ಗೊತ್ತುಮಾಡಿ ತಿಳಿಸ್ತೀವಿ."

"ತಿಳಿಸ್ಬೇಡಿ," ಎಂದರು ಅತ್ತೆ. ದನಿ ಏರಲಿಲ್ಲ. "ಆ ಕಾರ್ಖಾನೆಗೆ ಒಪ್ಪಿಗೆ ಕೊಟ್ಟಿದ್ದು ನೀವೇ ಅಲ್ವಾ? ಅವತ್ತು ನಮಗೆ ಒಂದು ಮಾತು ಹೇಳ್ಲಿಲ್ಲ. ನೋಡೋಕೆ ಬರುವಾಗ ಮಾತ್ರ ಹೇಳಿ ಬರ್ತೀರಿ. ಇನ್ನಾದ್ರೂ ಅದಲುಬದಲು ಮಾಡ್ಕೊಳ್ಳಿ."

ಅಧಿಕಾರಿಯ ಮುಖ ಕೆಂಪಾಯಿತು. ಹೊರಗೆ ಹೋಗಿ ಡ್ರೈವರನಿಗೆ, ಕಾರ್ಖಾನೆಯ ಗೇಟಿನ ಮುಂದೆಯೇ ಖಾಲಿ ಜೀಪು ಓಡಿಸಿಕೊಂಡು ಹೋಗಲು ಹೇಳಿದರು. ಸಾಹೇಬರು ಹೋದರೆಂದು ಅಲ್ಲಿಯವರು ತಿಳಿದುಕೊಳ್ಳಲಿ. ಮರಳಿ ಬಂದವರು ಬೂಟು ಬಿಚ್ಚಿ ಜಗಲಿಯ ಮೇಲೆ ಕೂತರು.

"ಬೆಳಿಗ್ಗೆ ಪೈಪು ಬಿಡೋ ಹೊತ್ತಿಗೆ ದಂಡೆ ಮೇಲಿರ್ತೀನಿ. ಇವತ್ತು ಇಲ್ಲೇ ಇರಬಹುದಾ?"

ಅತ್ತೆ ತಬ್ಬಿಬ್ಬಾದರು. ಸೊಸೆಯನ್ನು ಪಕ್ಕಕ್ಕೆಳೆದು ಪಿಸುಗುಟ್ಟಿದರು: "ಅಯ್ಯೋ, ಹಿಂದೆ ಅಷ್ಟೊಂದು ಗಲೀಜಿದೆಯಲ್ಲೇ! ಇವರು ಇಲ್ಲೇ ಉಳೀತಾರಂತೆ!"

"ಇರ್ಲಿ ಬಿಡಿ ಅತ್ತೆ," ಎಂದಳು ಲಾಯರಮ್ಮ, ಅವರ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು. "ಅದು ನಮ್ಮ ಗಲೀಜಲ್ಲ."