ಕೆಂಪು ನೂಲು ಕಟ್ಟದ ಹಗ್ಗ

ಹಗ್ಗದಕ್ಕನ ಷೆಡ್ಡು ಅಗಲ ಕಡಿಮೆ, ಉದ್ದವೋ ಉದ್ದ. ಈ ತುದಿಯಲ್ಲಿ ನಿಂತವರು ಆ ತುದಿಯವರ ಮುಖ ನೋಡಬೇಕಾದರೆ ಕಣ್ಣು ಕಿರಿದು ಮಾಡಬೇಕು. ನಾರಿನ ಎಳೆಗಳನ್ನು ಜಗ್ಗಿ ಹೊಸೆಯಲು ಅಷ್ಟು ಜಾಗ ಬೇಕೇ ಬೇಕು. ನಡುವೆ ಒಂದು ದಪ್ಪ ತೊಲೆ. ಅಪ್ಪ ಹಾಕಿಕೊಟ್ಟ ವಾಡಿಕೆಯೊಂದಿತ್ತು: ಹಗ್ಗ ಷೆಡ್ಡು ಬಿಟ್ಟು ಹೊರಡುವ ಮೊದಲು ಅದನ್ನು ಹೊಸೆದವರೇ ತೊಲೆಗೆ ಬಿಗಿದು, ಎರಡೂ ಕೈಯಲ್ಲಿ ಹಿಡಿದು, ಕಾಲು ನೆಲ ಬಿಟ್ಟು, ಏಳು ಉಸಿರಿನಷ್ಟು ಹೊತ್ತು ಜೋತಾಡಬೇಕು. ಆಮೇಲೆ ಹಗ್ಗವನ್ನು ಕಣ್ಣಿಗೊತ್ತಿಕೊಂಡು ತುದಿಗೆ ಕೆಂಪು ನೂಲು ಕಟ್ಟಬೇಕು.

"ಇದು ಅಳತೆ ಅಲ್ಲಮ್ಮ," ಎನ್ನುತ್ತಿದ್ದ ಅಪ್ಪ. "ಇನ್ನೊಬ್ಬರ ಕೈಗೆ ಕೊಡೋದನ್ನ ಮೊದಲು ನಮ್ಮ ಮೈಗೆ ತಗೊಳ್ಳೋದು, ಅಷ್ಟೇ. ಮಿಕ್ಕಿದ್ದು ದೇವರ ಕೆಲಸ."

ಗೋದಾಮಿನ ಮೂಟೆ ಎತ್ತಲು, ಲಾರಿಯ ಸರಕು ಬಿಗಿಯಲು ಅವರ ಹಗ್ಗ ಹೋಗುತ್ತಿತ್ತು. ಗೋದಾಮುಗಳಿಗೆ ಯಂತ್ರ ಬಂದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಹೊಸ ಗಿರಾಕಿ ಹುಡುಕುವ ಕೆಲಸವನ್ನು ತಮ್ಮ ವಹಿಸಿಕೊಂಡ. ಅಕ್ಕನಿಗಿಂತ ಎರಡೇ ವರ್ಷ ಚಿಕ್ಕವನು, ತಲೆಗೂದಲು ಮಾತ್ರ ಅವಳಿಗಿಂತ ಮುಂಚೆ ನೆರೆತಿತ್ತು. ಫೋನಿನಲ್ಲಿ ಎಐ ಇಟ್ಟುಕೊಂಡು ಅದರ ಕೈಯಲ್ಲಿ ಪತ್ರ ಬರೆಸುತ್ತಿದ್ದ.

ತಂಗಿಯ ಬಾಣಂತನಕ್ಕೆಂದು ಹೋಗಿದ್ದ ಅಕ್ಕ ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ ಮರಳಿದಾಗ ತಮ್ಮನೇ ಹೊಸೆದು ಗೂಟಗಳಿಗೆ ಹಾಕಿದ್ದ ನಾಲ್ಕು ಉದ್ದ ಹಗ್ಗಗಳು ಇರಲಿಲ್ಲ. ತಮ್ಮನ ಮುಖ ಮದುಮಗನ ಮುಖದ ಹಾಗೆ ಹೊಳೆಯುತ್ತಿತ್ತು.

"ಬಣ್ಣದ ಮೇಸ್ತ್ರಿ ಒಬ್ರು ಸಿಕ್ಕಿದ್ರು ಅಕ್ಕ. ನಿನ್ನೆ ತಗೊಂಡು ಹೋದ್ರು. ಪತ್ರ ನೋಡೇ ಒಪ್ಪಿಬಿಟ್ರು."

"ಬಣ್ಣದವರಿಗೆ ಅಷ್ಟುದ್ದದ ಹಗ್ಗ ಯಾಕೋ?"

"ಡಬ್ಬಿ ಎತ್ತೋಕಿರಬೇಕು."

"ಪತ್ರ ಎಲ್ಲಿ?"

ಅವನು ಓದಿದ. ಶುರುವಿನಲ್ಲಿ ನಯವಾದ ನಮಸ್ಕಾರ. ಆಮೇಲೆ, ಮೂರು ತಲೆಮಾರಿನ ಅನುಭವ. ಇದ್ದದ್ದು ಎರಡು. ಅಕ್ಕ ನಕ್ಕಳು. ಮುಂದಿನ ಸಾಲಿಗೆ ನಗು ಬಾಯಲ್ಲೇ ಒಣಗಿತು. "ಎತ್ತರದ ಕಟ್ಟಡಗಳ ಹೊರಗೋಡೆಯಲ್ಲಿ ತೂಗುತ್ತ ದುಡಿಯುವವರಿಗೆಂದೇ ತಯಾರಾದ ನಮ್ಮ ಹಗ್ಗಗಳನ್ನು ಒಂದೊಂದಾಗಿ ಯಂತ್ರದಲ್ಲಿ ಪರೀಕ್ಷಿಸಲಾಗಿದೆ."

"ಯಾವ ಯಂತ್ರ?"

ತಮ್ಮ ಷೆಡ್ಡಿನ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದ, ಅಲ್ಲೆಲ್ಲೋ ಒಂದು ಇರಬಹುದೇನೋ ಎಂಬಂತೆ. "ನಾನು ಹೇಳಿಲ್ಲ ಅಕ್ಕ. ನಮ್ಮ ಹಗ್ಗ ಗಟ್ಟಿ ಅಂತ ಬರಿ ಅಂದೆ, ಅಷ್ಟೇ. ಅದೇ ಸೇರಿಸಿದೆ. ನಾನು ಪೂರ್ತಿ ಓದಲಿಲ್ಲ."

"ತೊಲೆಗೆ ಕಟ್ಟಿ ಜೋತುಬಿದ್ದೆ ತಾನೆ?"

ಅವನು ತಡವರಿಸಿದ. "ಮೂರಕ್ಕೆ. ನಾಲ್ಕನೇದರ ಹೊತ್ತಿಗೆ ಮೇಸ್ತ್ರಿ ಗಾಡಿ ಹಾರ್ನ್ ಹೊಡೀತಾ ನಿಂತಿತ್ತು."

ಅಕ್ಕ ಫೋನು ಕೈಗೆತ್ತಿಕೊಂಡಳು. ಮೇಸ್ತ್ರಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ಚಪ್ಪಲಿ ಹುಡುಕುವ ವ್ಯವಧಾನವೂ ಇಲ್ಲದೆ ಬರಿಗಾಲಲ್ಲೇ, ಕೆಲಸದ ಜಾಗ ಗೊತ್ತಿದ್ದ ತಮ್ಮನನ್ನು ಕರೆದುಕೊಂಡು ಆಟೋ ಹತ್ತಿದಳು.

ದಾರಿಯುದ್ದಕ್ಕೂ ತಮ್ಮ ಫೋನಿನ ಬೆನ್ನು ಬಿಡಲಿಲ್ಲ. ನಾರಿನ ಹಗ್ಗ ಮನುಷ್ಯರನ್ನು ತಡೆಯುತ್ತದೆಯೇ ಎಂದು ಕೇಳಿದ. ಖಂಡಿತ ತಡೆಯುತ್ತದೆ ಎಂದಿತು ಅದು. ಅವನಿಗೆ ಉಸಿರು ಬಂತು. ಅಕ್ಕ ಫೋನು ಕಸಿದುಕೊಂಡು, ತಡೆಯುವುದಿಲ್ಲ ಅಲ್ಲವೇ ಎಂದು ಕೇಳಿದಳು. ನೀವು ಹೇಳಿದ್ದು ಸರಿ, ಕ್ಷಮಿಸಿ, ಅದಕ್ಕೆ ಬಳಸಲೇಬಾರದು ಎಂದಿತು. ಎರಡೂ ಮಾತಿಗೆ ಒಂದೇ ದನಿ, ಒಂದೇ ಸಮಾಧಾನ. ಅವಳಿಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಸುಳ್ಳು ಹೇಳುವವನ ಕಣ್ಣು ಎಲ್ಲೋ ಒಂದು ಕಡೆ ಜಾರುತ್ತದೆ. ಇದಕ್ಕೆ ಜಾರಲು ಕಣ್ಣಿಲ್ಲ. ಹೇಳಿದ ಮಾತಿಗೆ ಜೋತುಬೀಳೋಣವೆಂದರೆ ಮೈಯೂ ಇಲ್ಲ.

"ದೇವರೇ, ಇನ್ನೂ ಯಾರೂ ಹತ್ತಿರಬಾರದು," ಎಂದುಕೊಂಡಳು. ಬೇರೆ ಪ್ರಾರ್ಥನೆ ಒಂದೂ ನೆನಪಾಗಲಿಲ್ಲ.

ಹತ್ತಿದ್ದರು. ಎಂಟು ಅಂತಸ್ತಿನ ಕಟ್ಟಡ. ಆರನೆಯದರ ಮಟ್ಟದಲ್ಲಿ ಇಬ್ಬರು, ಒಬ್ಬೊಬ್ಬರ ಕೆಳಗೆ ಒಂದೊಂದು ಹಲಗೆ, ಮೇಲೆ ಒಂದೊಂದು ಹಗ್ಗ. ಮಿಕ್ಕ ಎರಡು ಹಗ್ಗಗಳಲ್ಲಿ ಬಣ್ಣದ ಡಬ್ಬಿಗಳು ತೂಗುತ್ತಿದ್ದವು. ತಮ್ಮ ಕೂಗಲು ಬಾಯಿ ತೆರೆದ. ಅಕ್ಕ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಬೆಚ್ಚಿಬಿದ್ದು ಅಲುಗಾಡಿದರೆ?

ಲಿಫ್ಟಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಎಂಟು ಅಂತಸ್ತು ಮೆಟ್ಟಿಲು ಹತ್ತಿದಳು, ಹಿಂದೆ ತಮ್ಮ. ನಾಲ್ಕರಲ್ಲಿ ಮಂಡಿ ಹಿಡಿಯಿತು. ಏಳರಲ್ಲಿ ಕಣ್ಣು ಕತ್ತಲೆ ಬಂತು. ತಾರಸಿಯಲ್ಲಿ ನೀರಿನ ಟ್ಯಾಂಕಿನ ಕಂಬಗಳಿಗೆ ಹಗ್ಗಗಳನ್ನು ಬಿಗಿದಿದ್ದರು. ಪಕ್ಕದಲ್ಲಿ ಮೇಸ್ತ್ರಿ ಟೀ ಕುಡಿಯುತ್ತಿದ್ದ.

"ಓ, ಹಗ್ಗದವರು. ಹಣ ಕೊಟ್ಟಾಯ್ತಲ್ಲಮ್ಮ, ಮತ್ಯಾಕೆ ಬಂದ್ರಿ?"

ಅವಳು ಉತ್ತರಿಸದೆ ಮೊಣಕಾಲೂರಿ ಗಂಟುಗಳ ತುದಿ ಹುಡುಕಿದಳು. ಒಂದು ಕೆಂಪು ನೂಲು. ಎರಡು. ಮೂರು. ನಾಲ್ಕನೆಯ ತುದಿ ಬೋಳಾಗಿತ್ತು. ಅದು ಡಬ್ಬಿಯದಾಗಿರಲಿ ಎಂದುಕೊಂಡೇ ಕಟ್ಟೆಯಿಂದ ಕೆಳಗೆ ಬಗ್ಗಿದಳು. ಬೋಳು ಹಗ್ಗದ ಕೆಳಗೊಂದು ಕೆದರಿದ ತಲೆ, ತಲೆಗೊಂದು ಹಳದಿ ಟವಲು.

"ಇಬ್ರನ್ನೂ ಒಳಗೆ ಕರೀರಿ. ಮೊದಲು ಹಳದಿ ಟವಲಿನವನು. ಇದು ಮೂಟೆಯ ಹಗ್ಗ, ಮನುಷ್ಯರದ್ದಲ್ಲ."

"ನಿಮ್ಮ ಪತ್ರದಲ್ಲೇ ಇದೆಯಲ್ಲ, ಯಂತ್ರದಲ್ಲಿ..."

"ಯಂತ್ರ ಇಲ್ಲ. ಅದನ್ನು ಬರೆದಿದ್ದೂ ನಾವಲ್ಲ. ಆದರೆ ಕೆಳಗಿರೋದು ನಮ್ಮ ಹೆಸರು, ಹಗ್ಗ ನಮ್ಮದು. ನಿಮ್ಮ ಕಾಲಿಗೆ ಬೀಳ್ತೀನಿ, ಮೆಲ್ಲಗೆ ಕರೀರಿ."

ಮೇಸ್ತ್ರಿ ಲೋಟ ಕೆಳಗಿಟ್ಟ. ಮುಖದ ಬಣ್ಣ ಹೋಗಿತ್ತು. ಕಟ್ಟೆಗೆ ಬಗ್ಗಿ, ಬೇಕೆಂದೇ ಸಲೀಸಾಗಿ ಹೇಳಿದ: "ಏ ಹುಡುಗಾ, ಆ ಕಿಟಕೀಲಿ ಒಳಗೆ ಬಾ. ಟೀ ಬಂದಿದೆ."

"ಇದೊಂದು ಮೊಳ ಬಳಿದು ಬರ್ತೀನಿ ಬಿಡಣ್ಣ. ಟೀ ಓಡಿ ಹೋಗ್ತದಾ?"

"ಈಗಲೇ ಬಾರಪ್ಪ."

"ದಿನಾ ಬೈದು ಕುಡಿಸೋ ಟೀ, ಇವತ್ತು ಕರೆದು ಕುಡಿಸ್ತೀರಾ? ಬಿಸಿಲು ತಲೆಗೇರ್ತಾ?" ಅವನು ನಕ್ಕ. ನಕ್ಕಾಗ ಹಲಗೆ ತುಸು ತಿರುಗಿತು. ಕಟ್ಟೆಯ ಅಂಚಿಗೆ ಉಜ್ಜಿ ಹಗ್ಗ ಕಿರ್ರೆಂದಿತು.

ಅಕ್ಕ ಎರಡೂ ಕೈಯಲ್ಲಿ ಆ ಹಗ್ಗ ಹಿಡಿದಳು. ಹರಿದರೆ ಅವನ ಭಾರ ತನ್ನನ್ನೂ ಎಳೆದುಕೊಂಡು ಹೋಗುತ್ತದೆಂದು ಗೊತ್ತಿತ್ತು. ಬಿಡಲಾಗಲಿಲ್ಲ. ತಮ್ಮ ಬಂದು ಅವಳ ಸೊಂಟ ಹಿಡಿದುಕೊಂಡ. ಅವಳು ಉಸಿರು ಎಣಿಸಿದಳು. ಒಂದು. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸುವ ಸದ್ದು. ಎರಡು, ಮೂರು. ಕಿಟಕಿಯ ಚೌಕಟ್ಟಿಗೆ ಹಲಗೆ ಬಡಿದ ಸದ್ದು. ನಾಲ್ಕು. ಐದನೆಯ ಉಸಿರಿಗೆ ಹಗ್ಗ ಅವಳ ಕೈಯಲ್ಲಿ ಸಡಿಲವಾಯಿತು. ಹರಿದಿತ್ತೋ, ಅವನು ಇಳಿದಿದ್ದನೋ? ಕಣ್ಣು ಮುಚ್ಚಿದ್ದ ಅವಳಿಗೆ ಆ ಒಂದು ಕ್ಷಣ ತಿಳಿಯಲೇ ಇಲ್ಲ.

"ಟೀ ಎಲ್ಲಣ್ಣ?" ಎಂದಿತು ಕೆಳಗಿನ ಕಿಟಕಿಯೊಳಗಿಂದ ದನಿ.

ಇನ್ನೊಬ್ಬನೂ ಒಳಗೆ ಬಂದ. ಮೇಸ್ತ್ರಿ ಹಗ್ಗ ಬಿಚ್ಚಿಸಿ ಅವರ ಮುಂದೆ ಎಸೆದ. "ನನ್ನ ಹುಡುಗರು ಸತ್ತಿದ್ರೆ ಯಾರನ್ನ ಕೇಳ್ಬೇಕಿತ್ತು ನಾನು? ನಿಮ್ಮ ಪತ್ರಾನಾ?" ಅಕ್ಕ ಬಗ್ಗಿ ಹಗ್ಗಗಳನ್ನು ಸುತ್ತಿಕೊಂಡಳು.

ಷೆಡ್ಡಿಗೆ ಬಂದ ಮೇಲೆ ತಮ್ಮ ನಾಲ್ಕನೆಯ ಹಗ್ಗವನ್ನು ತೊಲೆಗೆ ಬಿಗಿದು ಜೋತುಬಿದ್ದ. ಏಳು ಉಸಿರಿನಷ್ಟು ಹೊತ್ತು ಹಗ್ಗ ತಡೆಯಿತು. ಅವನು ಇಳಿದು ಹಗ್ಗವನ್ನು ಕಣ್ಣಿಗೊತ್ತಿಕೊಂಡ. ನೂಲು ಮಾತ್ರ ಕಟ್ಟಲಿಲ್ಲ.

"ತಡೀತಿತ್ತು ಅಕ್ಕ. ಸುಮ್ಮನೆ ಹೆದರಿದ್ವಿ."

"ತಡೀತಿತ್ತೋ ಇಲ್ವೋ ನಮಗೆ ಗೊತ್ತಿರಲಿಲ್ಲವಲ್ಲೋ. ಅವನು ಅಲ್ಲಿ ನಗ್ತಾ ಇದ್ದ."

ತಮ್ಮ ತಲೆ ತಗ್ಗಿಸಿದ. "ಅಕ್ಕ, ಆ ಪತ್ರ ಮೇಸ್ತ್ರಿ ಒಬ್ಬರಿಗೇ ಕಳಿಸಿದ್ದಲ್ಲ."

"ಮತ್ತೆ?"

"ನಲವತ್ತೊಂದು ಜನಕ್ಕೆ."

ಅಕ್ಕ ಗೋಡೆಗೊರಗಿ ಕುಳಿತಳು. ಅಂಗೈಯಲ್ಲಿ ಹಗ್ಗ ಉಜ್ಜಿದ ಗೆರೆ ಉರಿಯುತ್ತಿತ್ತು. ನಲವತ್ತು ಗೋಡೆಗಳು ಕಣ್ಣಿಗೆ ಕಟ್ಟಿದವು, ಪ್ರತಿಯೊಂದರಲ್ಲೂ ಬೆನ್ನು ತೋರಿಸಿಕೊಂಡು ತೂಗುವ ಒಬ್ಬೊಬ್ಬ ಮನುಷ್ಯ.

"ಪಟ್ಟಿ ತೆಗಿ," ಎಂದಳು. "ಒಬ್ಬೊಬ್ಬರಿಗೂ ನಾವೇ ಹೇಳ್ಬೇಕು. ಬಾಯಲ್ಲೇ. ಅದರ ಕೈಲಿ ಬರೆಸಬೇಡ."

ಅವನು ಪಟ್ಟಿ ತೆಗೆಯುವ ಮೊದಲೇ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ತಮ್ಮ ಅದನ್ನು ಅಕ್ಕನ ಕೈಗೆ ಕೊಟ್ಟ.

"ಹಗ್ಗದವರಾ? ನಿಮ್ಮ ಪತ್ರ ಓದಿದ್ವಿ," ಎಂದಿತು ಆ ಕಡೆಯ ಖುಷಿಯ ದನಿ. "ತುಂಬಾ ಹಿಡಿಸ್ತು. ಇಪ್ಪತ್ತು ಬೇಕು ನಮಗೆ."

ಇಪ್ಪತ್ತು. ಮೂರು ತಿಂಗಳಿನಿಂದ ಅಷ್ಟು ದೊಡ್ಡ ಗಿರಾಕಿ ಬಂದಿರಲಿಲ್ಲ. ಅಕ್ಕ ತಲೆಯೆತ್ತಿ ತೊಲೆಯನ್ನು ನೋಡಿದಳು. ಒಂದು ಉಸಿರು ಎಳೆದುಕೊಂಡಳು, ಕಾಲು ನೆಲ ಬಿಡುವವರು ಎಳೆದುಕೊಳ್ಳುವ ಹಾಗೆ.

"ಆ ಪತ್ರದಲ್ಲಿರೋದು ನಿಜ ಅಲ್ಲ ಸ್ವಾಮಿ," ಎಂದಳು. "ಇರಿ, ಫೋನ್ ಇಡಬೇಡಿ. ಪೂರ್ತಿ ಹೇಳ್ತೀನಿ."